ಬೋರ್ಡಿಗೇರಿದ ನನ್ನ ತಲೆ

ಊರಿನವರ ಒರಟು ಕಂಬಳಿಗಳನ್ನೆಲ್ಲ ಬೆಣ್ಣೆ ಮಾಡಿ ಕೊಟ್ಟ ಕೈ ಇದು! ಲಾಂಡ್ರಿ ಇಟ್ಟುಕೊಂಡು ಹಬೆಯಲ್ಲೇ ಅರ್ಧ ಆಯಸ್ಸು ಕಳೆದವಳು ನಾನು. ಯಾವ ಬಟ್ಟೆಗೆ ಯಾವ ಮದ್ದು ಎಂದು ಮುಟ್ಟಿ ನೋಡಿಯೇ ಹೇಳಬಲ್ಲೆ. ಅಂಥವಳಿಗೆ ತನ್ನದೇ ಒಂದು ಹಿಡಿ ಕೂದಲನ್ನು ಪಳಗಿಸುವುದು ಯಾವ ಮಹಾ ಕೆಲಸ ಎಂದು ಎದೆ ತಟ್ಟಿಕೊಂಡೇ ಹೊರಟೆ.

ನಲವತ್ತೆಂಟು ದಾಟಿದ ಮೇಲೆ ನನ್ನ ಕೂದಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಒಂದು ಕಾಲದಲ್ಲಿ ನೆತ್ತಿಯ ಮೇಲೆ ಬಾಚಣಿಗೆ ಇಟ್ಟರೆ ಸರ್ರನೆ ಸೊಂಟದವರೆಗೆ ಜಾರುತ್ತಿತ್ತು. ಈಗ ಇಟ್ಟಲ್ಲೇ ನಿಲ್ಲುತ್ತದೆ. ಎಳೆದರೆ ಹಲ್ಲು ಮುರಿಯುತ್ತದೆ, ಬಾಚಣಿಗೆಯದು! ಹುಟ್ಟಿದಾಗಿನಿಂದ ನೆಟ್ಟಗಿದ್ದದ್ದು ಹಣೆಯ ಹತ್ತಿರ ಸುರುಳಿ, ಕಿವಿಯ ಹಿಂದೆ ಸೊಟ್ಟ. ಮುಟ್ಟಿದರೆ ಪಾತ್ರೆ ಉಜ್ಜುವ ನಾರು. ಡಾಕ್ಟರಮ್ಮನನ್ನು ಕೇಳಿದರೆ, "ಮುಟ್ಟು ನಿಲ್ಲೋ ವಯಸ್ಸಲ್ವಾ, ನೆತ್ತಿಯಲ್ಲಿ ಎಣ್ಣೆ ಪಸೆ ಕಮ್ಮಿಯಾಗುತ್ತೆ. ಎಲ್ಲರಿಗೂ ಆಗೋದೇ," ಎಂದರು.

ಎಲ್ಲರಿಗೂ? ಹಾಗಾದರೆ ನಮ್ಮ ಯಜಮಾನರಿಗೆ ಯಾಕೆ ಆಗಲಿಲ್ಲ? ಅವರಿಗೆ ನಿಲ್ಲುವುದಕ್ಕೆ ಮುಟ್ಟೇ ಇರಲಿಲ್ಲ ಎಂಬುದು ನನಗೂ ಗೊತ್ತು. ಹೊಟ್ಟೆಕಿಚ್ಚಿಗೆ ಅಂಥ ವಿವರಗಳೆಲ್ಲ ಬೇಕಿಲ್ಲ!

ನನಗಿಂತ ಐದು ವರ್ಷ ದೊಡ್ಡವರು. ಮೈ ಸೋಪೋ ಬಟ್ಟೆ ಸೋಪೋ, ಕೈಗೆ ಸಿಕ್ಕಿದ್ದನ್ನು ತಲೆಗೆ ತಿಕ್ಕಿಕೊಳ್ಳುವ ಮನುಷ್ಯ. ಟವೆಲಿನಲ್ಲಿ ಒರೆಸಿ ಬೆರಳಲ್ಲಿ ಹಿಂದಕ್ಕೆ ತಳ್ಳಿದರೆ ಮುಗಿಯಿತು, ರೇಷ್ಮೆ! ಅದೂ ಸಾಲದೆಂದು ದಿನಾ ಕನ್ನಡಿಯ ಮುಂದೆ ನನ್ನ ಪಕ್ಕವೇ ನಿಂತು, "ಥೂ, ಈ ಕೂದ್ಲು ನಿಲ್ಲೋದೇ ಇಲ್ಲ ಕಣೇ, ಜಾರ್ತಾನೇ ಇರುತ್ತೆ," ಎಂದು ಗೊಣಗುತ್ತಾರೆ. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ಅದನ್ನೂ ನುಂಗಿಕೊಂಡಿದ್ದೆ. ಆದರೆ ಮೊನ್ನೆ ಕೋಟು ಒಗೆಯಲು ಕೊಟ್ಟ ಗಿರಾಕಿಯೊಬ್ಬ ನನ್ನೆದುರಿಗೇ ಯಜಮಾನರಿಗೆ ಹೇಳಿದ: "ನೀವು ಕೆಲಸ ನೋಡ್ಕೊಳಿ ಸಾರ್, ರಸೀದಿ ನಿಮ್ಮಕ್ಕನ ಹತ್ರ ಇಸ್ಕೋತೀನಿ."

ಅಕ್ಕ! ಇವರು ತಿದ್ದಬೇಕೋ ಬೇಡವೋ? ಮಹಾರಾಯರು ಮುಸಿಮುಸಿ ನಕ್ಕರು!

"ಏನ್ರೀ ಅದು ಹಲ್ಲು ಕಿರಿಯೋದು? ಹೆಂಡ್ತಿ ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ಹೋಗ್ಲಿ ಬಿಡೇ, ಅವನ ಕಣ್ಣಿಗೆ ಪೊರೆ ಬಂದಿರ್ಬೇಕು."

"ನಿಮ್ಮ ತಲೆ ಮಾತ್ರ ಆ ಪೊರೆಯೊಳಗೂ ಚೆನ್ನಾಗಿ ಕಾಣ್ತಲ್ಲ!"

ಅದೇ ವಾರ ಅಂಗಡಿಗೆ ಹೊಸ ಬೋರ್ಡು ಬರಬೇಕಿತ್ತು, ನಮ್ಮಿಬ್ಬರ ಫೋಟೋ ಸಮೇತ! ಅದೂ ಬಸ್ ನಿಲ್ದಾಣದ ಎದುರಿಗೆ! ಅಲ್ಲಿ ನಾನು ಆ ರೇಷ್ಮೆ ತಲೆಯ ಪಕ್ಕ ನಿಂತರೆ ಇಡೀ ರಸ್ತೆಗೆ ಅಕ್ಕನಾಗುತ್ತೇನೆ. ಅದೂ ಬೋರ್ಡು ಮಾಸುವವರೆಗೆ! ತಕ್ಷಣ ಬೋರ್ಡಿನವನಿಗೆ ಫೋನ್ ಮಾಡಿದೆ.

"ನೋಡಪ್ಪಾ, ಜೋಡಿ ಫೋಟೋ ಬೇಡ. ಈ ತುದಿಗೆ ನಂದು, ಆ ತುದಿಗೆ ಅವರದು. ಮಧ್ಯೆ ಎಷ್ಟು ಜಾಗ ಬಿಡೋಕಾಗುತ್ತೋ ಅಷ್ಟು ಬಿಡು."

"ಯಾಕಮ್ಮಾ, ಮನೇಲಿ ಏನಾದ್ರೂ ಜಗಳ..."

"ಹೇಳಿದಷ್ಟು ಮಾಡು!"

ಫೋಟೋ ತೆಗೆಯುವ ದಿನ ಬೆಳಗ್ಗೆಯೇ ಅಂಗಡಿಯ ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಕಂಬಳಿ ಮೃದುವಾಗಲು ಹಾಕುವ ನೀಲಿ ಸಾಫ್ಟ್‌ನರ್ ಇತ್ತು. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಸಾಕು. ನಾನು ನೀರಿನ ಗೊಡವೆಗೇ ಹೋಗಲಿಲ್ಲ, ಬಾಟಲಿಯನ್ನೇ ತಲೆಯ ಮೇಲೆ ಬೋರಲು ಹಾಕಿದೆ. ಮೇಲಿಂದ ಕೋಟುಗಳಿಗೆ ಕೊಡುವ ಹಬೆ! "ಕುಡಿಯೇ, ಚೆನ್ನಾಗಿ ಕುಡಿ," ಎಂದು ಕೂದಲಿಗೆ ಮುದ್ದು ಮಾಡಿ ಕುಡಿಸಿದೆ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ನಮ್ಮ ಮನೆ ಅಂಗಡಿಗೆ ಅಂಟಿಕೊಂಡೇ ಇದೆ. ಯಜಮಾನರ ಸ್ನಾನಕ್ಕೆ ತುಂಬಿಟ್ಟ ಬಕೆಟ್ ಬಚ್ಚಲಲ್ಲಿ ಕಂಡಿತು. ಈಚೆ ಕೈಯಳತೆಯಲ್ಲೇ ಕಾಟನ್ ಅಂಗಿಗಳಿಗೆಂದು ಕಾಯಿಸಿಟ್ಟ ಗಂಜಿ. ನಾನು ಕೆಟ್ಟವಳಲ್ಲ, ಆದರೆ ಆ ಹೊತ್ತಿಗೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಗಂಜಿಯನ್ನು ಬಕೆಟ್ಟಿಗೆ ಸುರಿದು, "ಒಂದು ದಿನವಾದ್ರೂ ನಿಮ್ಮ ತಲೆಯೂ ನಾರಾಗ್ಲಿ!" ಎಂದು ಮನಸಾರೆ ಹರಸಿ ಬಂದೆ.

ಆಮೇಲೆ ನನ್ನ ತಲೆ ತೊಳೆದೆ. ಮತ್ತೆ ತೊಳೆದೆ. ಮೃದುವೇನೋ ಆಗಿತ್ತು, ಬಿಡಿಬಿಡಿಯಾಗಲು ಮಾತ್ರ ಒಲ್ಲೆನೆಂದಿತು. ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ನೆತ್ತಿಗೆ ಮೆತ್ತಿಕೊಂಡು ಕೂತಿತು. ರಬ್ಬರ್ ಬ್ಯಾಂಡ್ ಜಾರಿ ಬಿತ್ತು, ಕ್ಲಿಪ್ಪು ಜಾರಿ ಬಿತ್ತು, ಕೊನೆಗೆ ನನ್ನ ಧೈರ್ಯವೂ ಜಾರಿತು. ಜಿಡ್ಡು ಹೀರಲಿ ಎಂದು ಮುಖದ ಪೌಡರ್ ಉದುರಿಸಿದೆ. ಜಿಡ್ಡು ಹೋಗಲಿಲ್ಲ, ಮೇಲೆ ಬೂಷ್ಟು ಹಿಡಿದಂತಾಯಿತು! ಅಷ್ಟರಲ್ಲಿ ಬೋರ್ಡಿನವನು, ಹೇಳಿದ ಹೊತ್ತಿಗಿಂತ ಮುಂಚೆಯೇ, ಕ್ಯಾಮೆರಾ ಹಿಡಿದು ಹಾಜರ್!

"ಅಮ್ಮಾ, ನಿಮ್ದು ಮೊದ್ಲು ಮುಗಿಸ್ಬಿಡ್ತೀನಿ. ಸ್ವಲ್ಪ ನಗಿ."

"ಇರಪ್ಪಾ, ತಲೆ ಸರಿಯಿಲ್ಲ."

"ಅದೆಲ್ಲ ಕಂಪ್ಯೂಟರ್‌ನಲ್ಲಿ ಸರಿ ಮಾಡ್ಬೋದಮ್ಮಾ. ನಗಿ."

ನಕ್ಕೆ. ನಿಜವಾಗಿಯೂ ನಕ್ಕೆ! ನನ್ನದು ಹಾಳಾದರೆ ಹಾಳಾಗಲಿ, ಬಚ್ಚಲಿನಿಂದ ಬರುವ ತಲೆ ಇದಕ್ಕಿಂತ ಹಾಳಾಗಿರುತ್ತದಲ್ಲ ಎಂಬ ಸಂತೋಷ ಒಳಗೇ ಕುಣಿಯುತ್ತಿತ್ತು.

ಬಚ್ಚಲಿನ ಬಾಗಿಲು ತೆರೆಯಿತು. ಬೆರಳಲ್ಲಿ ಹಿಂದಕ್ಕೆ ತಳ್ಳಿದ ಕೂದಲು ಗಂಜಿ ಕುಡಿದು, ಇದ್ದದ್ದಕ್ಕಿಂತ ಎರಡು ಪಟ್ಟು ದಟ್ಟವಾಗಿ, ಅಲೆಅಲೆಯಾಗಿ ಎದ್ದು ನಿಂತಿತ್ತು. ಜಾರುವ ಮಾತೇ ಇಲ್ಲ! ಮದುವೆಯ ದಿನವೂ ಈ ಮನುಷ್ಯ ಇಷ್ಟು ಚೆನ್ನಾಗಿ ಕಂಡಿರಲಿಲ್ಲ.

"ಸಾರ್! ಹೀರೋ ಸಾರ್ ನೀವು!" ಎಂದು ಬೋರ್ಡಿನವನು ಸುತ್ತಲೂ ಓಡಾಡಿ ಫೋಟೋ ಹೊಡೆದ.

"ಇವತ್ತು ನೀರೇ ಏನೋ ಚೆನ್ನಾಗಿತ್ತು ಕಣೇ," ಎಂದರು ಯಜಮಾನರು. "ದಿನಾ ಇಂಥದ್ದೇ ತುಂಬಿಡು."

ನಾನು ಹಲ್ಲು ಕಡಿದುಕೊಂಡು ಒಳಗೆ ಹೋದೆ. ಇರಲಿ, ಇಬ್ಬರ ನಡುವೆ ಮಾರುದ್ದ ಜಾಗವಿರುತ್ತದೆ, ಕಂಪ್ಯೂಟರ್ ಬೇರೆ ಇದೆ ಎಂದು ಸಮಾಧಾನ ಮಾಡಿಕೊಂಡೆ.

ನಾಲ್ಕಾರು ದಿನಕ್ಕೆ ಬೋರ್ಡು ಬಂತು. ಬೋರ್ಡಿನವನು ಏಣಿ ಹತ್ತಿ ಮೊಳೆ ಹೊಡೆದು, ಮುಚ್ಚಿದ್ದ ಕಾಗದವನ್ನು ಒಂದೇ ಏಟಿಗೆ ಕಿತ್ತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು!

ಈ ತುದಿಗೆ ನಾನು, ಒಂದು ಎಳೆಯೂ ತಿದ್ದದೆ, ಜಿಡ್ಡು ಬೂಷ್ಟು ಸಮೇತ. ಕೆಳಗೆ ದಪ್ಪಕ್ಷರದಲ್ಲಿ: "ಒಗೆಯುವ ಮುನ್ನ". ಆ ತುದಿಗೆ ಯಜಮಾನರು: "ಒಗೆದ ನಂತರ". ನಡುವೆ, ನಾನು ಹಟ ಹಿಡಿದು ಬಿಡಿಸಿದ ಜಾಗದ ತುಂಬ, ನನ್ನಿಂದ ಅವರ ಕಡೆಗೆ ಒಂದು ಉದ್ದನೆಯ ಬಾಣ!

ಯಜಮಾನರು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ನಾನು ಏಣಿ ಹಿಡಿದುಕೊಂಡೆ.

"ಯಾರೋ ನಿಂಗೆ ಹೀಗೆ ಮಾಡು ಅಂದೋರು?"

"ಅಯ್ಯೋ, ಅಲ್ಲಾಡಿಸ್ಬೇಡಿ ಅಮ್ಮಾ! ನೀವೇ ಅಲ್ವಾ? ಜೋಡಿ ಬೇಡ, ಮಧ್ಯೆ ಜಾಗ ಬಿಡು ಅಂದಾಗ ನಂಗೇನೂ ಹೊಳೀಲಿಲ್ಲ. ಆಮೇಲೆ ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡ್ದೆ ನೋಡಿ, ಆಹಾ! ಏನು ತಲೆ ಅಮ್ಮಾ ನಿಮ್ದು!"