ಕೆರೆಯ ತನಕ ನಾಲ್ಕು ಪರಸಿ

ದೇವರು ಭೂಮಿ ಹಾಸುವಾಗ ಕೈಯಲ್ಲಿ ಮಟ್ಟಗೋಲು ಹಿಡಿದಿರಲಿಲ್ಲ ಎಂಬುದು ನಮ್ಮ ಕಾಕಾನ ಖಾಯಂ ತಕರಾರು. ಗುಡ್ಡ ಕಂಡರೆ, ಮಾಲು ಉಳಿದಿತ್ತು, ಒಂದೇ ಕಡೆ ಸುರುವಿ ಹೋಗಿದ್ದಾನೆ ಎನ್ನುತ್ತಾನೆ. ಹಳ್ಳ ಕಂಡರೆ, ಇಲ್ಲಿ ಮಾಲು ಕಡಿಮೆ ಬಿದ್ದಿದೆ ಎನ್ನುತ್ತಾನೆ. ದೇವರಿಗೆ ಕೆಲಸ ಬರುವುದಿಲ್ಲ ಎಂದಲ್ಲ, ಮುಂದೆ ನಿಂತು ಮಾಡಿಸುವವರು ಇರಲಿಲ್ಲ, ಅಷ್ಟೇ. ಆ ಹೊತ್ತಿಗೆ ಕಾಕಾ ಇನ್ನೂ ಹುಟ್ಟಿರಲಿಲ್ಲವಲ್ಲ, ಪಾಪ ದೇವರಾದರೂ ಏನು ಮಾಡಿಯಾನು!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ಆಯುಷ್ಯ ಕಳೆದವನು. ನಮ್ಮೂರಿನ ಹಾಸುಗಲ್ಲಿಗೆ ನಾವು ಪರಸಿ ಎನ್ನುತ್ತೇವೆ. ಕಾಕಾನ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ ಜಾಗ: ಪರಸಿ ಹಾಸಿದ್ದು, ಪರಸಿ ಹಾಸಬೇಕಾದದ್ದು. ಯಾರ ಮನೆಗೆ ಹೋದರೂ ಅವನು ಮೊದಲು ಮಾತಾಡಿಸುವುದು ನೆಲವನ್ನು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕತ್ತು ಬಗ್ಗಿಸಿ, ಹಿಮ್ಮಡಿಯಿಂದ ಟಕ್ ಟಕ್ ಎಂದು ಬಡಿಯುತ್ತ ಪಡಸಾಲೆ ತುಂಬ ಒಂದು ಸುತ್ತು ಹಾಕುತ್ತಾನೆ. ಎಲ್ಲಾದರೂ ಟೊಳ್ಳು ಸದ್ದು ಬಂತೋ, ಮನೆಯ ಯಜಮಾನನ ಕಡೆ ತಿರುಗಿ, ಅವರಪ್ಪ ತೀರಿಕೊಂಡ ಸುದ್ದಿ ಹೇಳುವವನ ಹಾಗೆ ಮುಖ ಮಾಡುತ್ತಾನೆ.

ನಮ್ಮಣ್ಣನಿಗೆ ಹೆಣ್ಣು ನೋಡಲು ರಾವೂರಿಗೆ ಹೋಗಿದ್ದೆವು. ಚಹಾ ಆಯಿತು, ಉಪ್ಪಿಟ್ಟು ಆಯಿತು, ಹುಡುಗಿ ಬಂದು ಕುಳಿತು ನಮಸ್ಕಾರ ಮಾಡಿ ಒಳಗೆ ಹೋದದ್ದೂ ಆಯಿತು. ವಾಪಸು ಬರುವಾಗ ಅಪ್ಪ, ಹೆಂಗನಿಸ್ತಪಾ ಎಂದು ಕೇಳಿದರು. ಕಾಕಾ ಬಹಳ ಹೊತ್ತು ಯೋಚಿಸಿ, ಅಡುಗೆಮನೆಯ ಬಾಗಿಲ ಹತ್ತಿರ ಸ್ವಲ್ಪ ಉಬ್ಬಿದೆ, ಉಳಿದದ್ದೆಲ್ಲ ಸಮನಾಗಿದೆ ಎಂದ. ಅಪ್ಪ ಸಿಟ್ಟಿನಿಂದ ಹುಡುಗಿಯ ಬಗ್ಗೆ ಕೇಳಿದರು.

"ಹುಡುಗಿ ಯಾವಾಗ ಬಂದಿದ್ಲು?" ಎಂದ ಕಾಕಾ.

ಆ ಹುಡುಗಿ ಈಗ ನಮ್ಮ ಅತ್ತಿಗೆ. ಈ ಕತೆಯನ್ನು ನನ್ನ ಬಾಯಿಂದ ಕೇಳದೆ ಅವರು ಯಾವ ಹಬ್ಬವನ್ನೂ ಮುಗಿಸುವುದಿಲ್ಲ. ಮಂದಿಯನ್ನು ಅಣಕಿಸುವುದೊಂದೇ ನನಗೆ ಬರುವ ವಿದ್ಯೆ. ವಾಡಿ ಸ್ಟೇಷನ್ನಿನ ಧ್ವನಿವರ್ಧಕದಿಂದ ಹಿಡಿದು ನಮ್ಮ ಹೈಸ್ಕೂಲಿನ ಹೆಡ್ಮಾಸ್ತರರವರೆಗೆ ನನ್ನ ಗಂಟಲಿನಲ್ಲಿ ಎಲ್ಲರಿಗೂ ಜಾಗವಿದೆ. ನನ್ನನ್ನೂ ನಾನು ಬಿಟ್ಟಿಲ್ಲ. ನೌಕರಿಯ ಸಂದರ್ಶನದಲ್ಲಿ ಕುಳಿತ ನಾನು ಎಂಬುದು ನನ್ನ ಬಹು ಬೇಡಿಕೆಯ ಐಟಂ. ಸಂದರ್ಶನ ಮಾಡಿದವರೂ ಅದನ್ನು ನೋಡಿ ನಕ್ಕೇ ಕಳಿಸಿದ್ದು! ಕಾಕಾನ ನಡಿಗೆಯನ್ನು ಒಂದು ಮದುವೆಯಲ್ಲಿ ಮಾಡಿ ತೋರಿಸುತ್ತಿದ್ದಾಗ ಅವನೇ ಹಿಂದೆ ಬಂದು ನಿಂತಿದ್ದ. ನಾನು ಒದೆ ಬೀಳುತ್ತದೆಂದು ಬೆನ್ನು ಬಗ್ಗಿಸಿದೆ. ಅವನು ಗಂಭೀರವಾಗಿ, ಹಿಮ್ಮಡಿ ಇನ್ನೂ ಸ್ವಲ್ಪ ಜೋರಾಗಿ ಬೀಳಬೇಕು, ಇಲ್ಲದಿದ್ದರೆ ಟೊಳ್ಳು ಗೊತ್ತಾಗುವುದಿಲ್ಲ ಎಂದು ತಿದ್ದಿ ಹೋದ.

ಇಂಥವನ ಹೆಂಡತಿ ಮಣ್ಣಿನ ಮೇಲೆ ಬೀಳಬೇಕೆ?

ಹೋದ ವರ್ಷ ತೆಂಗಳಿಯಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ, ಚಪ್ಪರದ ಹಿಂದಿನ ಬಯಲಿನಲ್ಲಿ ಕಾಕಿ ತಗ್ಗಿನಲ್ಲಿ ಕಾಲಿಟ್ಟು ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಎಲುಬು ಕೂಡಿತು, ಇನ್ನು ಧೈರ್ಯವಾಗಿ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕಾಕಿ ನಡೆದಳು. ಆದರೆ ಮನೆಯ ಪರಸಿ ಎಲ್ಲಿಯ ತನಕ ಇತ್ತೋ ಅಲ್ಲಿಯ ತನಕ ಮಾತ್ರ. ಕೊನೆಯ ಕಲ್ಲಿನ ಅಂಚಿಗೆ ಬಂದು, ಮುಂದೆ ಬಾವಿ ಇದೆಯೇನೋ ಎಂಬಂತೆ ನಿಂತುಬಿಡುತ್ತಿದ್ದಳು. ಕೈ ಹಿಡಿದರೂ ಇಲ್ಲ, ಬೈದರೂ ಇಲ್ಲ. ಮಣ್ಣು ಕಂಡರೆ ಕಾಲು ಏಳುವುದಿಲ್ಲ ಎಂದು ಒಮ್ಮೆ ಹೇಳಿದಳು, ಆಮೇಲೆ ಅದನ್ನೂ ಹೇಳುವುದು ಬಿಟ್ಟಳು.

ಕಾಕಾ ತನಗೆ ತಿಳಿದ ಔಷಧ ಶುರು ಮಾಡಿದ. ಅಂಗಳಕ್ಕೆ ಪರಸಿ ಹಾಸಿದ. ಅಂಗಳದಿಂದ ಓಣಿಗೆ, ಓಣಿಯಿಂದ ಗುಡಿಯ ಕಟ್ಟೆಗೆ ಹಾಸಿದ. ಓಣಿಯ ಜನವೆಲ್ಲ ಕಾಕಿಯ ಆರೋಗ್ಯ ವಿಚಾರಿಸಲು ಬಂದು, ಹಾಗೆಯೇ ಮಾತಿನ ನಡುವೆ, ತಮ್ಮ ಬಾಗಿಲೂ ಅದೇ ದಾರಿಯಲ್ಲಿದೆ ಎಂದು ನೆನಪಿಸತೊಡಗಿದರು! ಆದರೂ ಎಷ್ಟು ಅಂತ ಹಾಸುವುದು? ಪರಸಿ ಎಲ್ಲಿ ಮುಗಿಯಿತೋ ಅಲ್ಲಿ ಕಾಕಿಯ ಊರು ಮುಗಿಯುತ್ತಿತ್ತು.

ಒಂದು ಸಂಜೆ ನಾನು ಮೊಬೈಲಿನಲ್ಲಿ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಕೆರೆಯ ಫೋಟೋ ತೋರಿಸುತ್ತಿದ್ದೆ. ಸುತ್ತ ಗುಡ್ಡ, ನಡುವೆ ನೀರು, ದಂಡೆಯ ಮೇಲೆ ಟೆಂಟುಗಳು. ಕಾಕಿ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಳು.

"ತವರಮನ್ಯಾಗ ಇದ್ದಾಗ ದಿನಾ ಹಳ್ಳದಾಗ ಕಾಲು ಬಿಟ್ಟು ಕುಂದ್ರತಿದ್ದೆ," ಎಂದಳು. "ಹಂಗ ಒಮ್ಮಿ ಕುಂದ್ರಬೇಕು ನೋಡು."

ಒಂದು ಕಪ್ ಚಹಾ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು. ಸಣ್ಣ ದನಿಯ ಮಾತು ನನಗೆ ತಡೆದುಕೊಳ್ಳಲಾಗುವುದಿಲ್ಲ, ಏನಾದರೂ ಕುಚೋದ್ಯ ಮಾಡಲೇಬೇಕು. ಹಾಗಾದರೆ ಚಂದ್ರಂಪಳ್ಳಿಯವರೆಗೆ ಪರಸಿ ಹಾಸಿಬಿಡು ಕಾಕಾ ಎಂದೆ. ಎಲ್ಲರೂ ನಕ್ಕರು. ಕಾಕಾ ಎದ್ದು ಹಿತ್ತಲಿಗೆ ಹೋದ. ಊಟದ ಹೊತ್ತಿಗೆ ಕೈ ತೊಳೆಯುತ್ತ ಉತ್ತರ ಕೊಟ್ಟ.

"ಅಷ್ಟೊಂದು ಬೇಕಾಗಂಗಿಲ್ಲ. ನಾಕು ಸಾಕು."

ಅವನ ಇಂಜಿನಿಯರಿಂಗ್ ಹೀಗಿತ್ತು: ಸಣ್ಣ ಅಳತೆಯ ನಾಲ್ಕು ಪರಸಿ ಒಂದರ ಮುಂದೊಂದು ಇಡುವುದು, ಕಾಕಿ ಮುಂದಿನದಕ್ಕೆ ಹೋದಂತೆ ಹಿಂದಿನದನ್ನು ಎತ್ತಿ ಮುಂದಕ್ಕೆ ತರುವುದು. ದಾರಿ ಮುಗಿಯುವುದೇ ಇಲ್ಲ! ಎತ್ತುವವರು ಯಾರು ಎಂದು ಕೇಳಿದೆ. ಕಾಕಾ ನನ್ನ ತೋಳುಗಳನ್ನು ನೋಡಿದ. ಜಿಮ್ಮಿಗೆ ಸೇರಿದ ಮೇಲೆ ನಾನು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ ತೋಳುಗಳವು.

ಗೆಳೆಯನ ಹಳೆಯ ಜೀಪು ಕೇಳಿ ತಂದೆ. ನಾನು ಡ್ರೈವರು, ಪಕ್ಕದಲ್ಲಿ ಕಾಕಾ, ಹಿಂದೆ ಕಾಕಿ, ಕಾಕಿಯ ಕಾಲ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಪರಸಿ, ಅದರ ಮೇಲೆ ರೊಟ್ಟಿಯ ಗಂಟು. ಜಗತ್ತಿನಲ್ಲಿ ಕ್ಯಾಂಪಿಗೆ ಹೋಗುವವರು ಮನೆಯ ಭಾರ ಬಿಟ್ಟು ಹೋಗುತ್ತಾರಂತೆ. ನಾವು ಮನೆಯ ನೆಲವನ್ನೇ ಕಿತ್ತುಕೊಂಡು ಹೊರಟಿದ್ದೆವು!

ದಾರಿಯನ್ನು ಗೊತ್ತು ಮಾಡಿದ್ದೂ ಕಾಕಾನೇ. ಮೊದಲು ಚಿತ್ತಾಪುರದ ಹತ್ತಿರ ನಾಗಾವಿ. ಯಾಕೆಂದರೆ ಅಲ್ಲಿ ಅರವತ್ತು ಕಂಬದ ಗುಡಿ ಇದೆ, ಗುಡಿಗೆ ಕಲ್ಲಿನ ನೆಲ ಇದೆ. ಜೀಪನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದೆ. ಕಾಕಿ ನೇರ ಕಲ್ಲಿನ ಮೇಲೆ ಇಳಿದು, ಕಂಬದಿಂದ ಕಂಬಕ್ಕೆ ಕೈ ಆನಿಸುತ್ತ, ಮದುವೆಯ ಮನೆಯಲ್ಲಿ ಓಡಾಡಿದಂತೆ ಓಡಾಡಿದಳು. ಕಾಕಾ ಹಿಮ್ಮಡಿ ಬಡಿದು ನೋಡಿ ತಲೆದೂಗಿದ. ಸಾವಿರ ವರ್ಷದ ಹಿಂದಿನ ಕೆಲಸಗಾರರು ಕೊನೆಗೂ ಪಾಸಾದರು.

ಮಳಖೇಡದಲ್ಲಿ ಮಾತ್ರ ಕೆಲಸ ಕೆಟ್ಟಿತು. ಕೋಟೆಯ ಬಾಗಿಲ ಮುಂದೆ ಮಣ್ಣು, ಜಲ್ಲಿ, ಮುಳ್ಳು. ಕಾಕಿ ಜೀಪಿನ ಬಾಗಿಲಲ್ಲಿ ಒಂದು ಕಾಲು ಕೆಳಗೆ ಬಿಟ್ಟು ಹಾಗೆಯೇ ಮೇಲಕ್ಕೆ ಎಳೆದುಕೊಂಡಳು. ಕಾಕಾ ಪರಸಿ ಇಳಿಸಲು ಹೊರಟ. ಆಗಲೇ ನಾಲ್ಕು ಜನ ನಿಂತು ನೋಡುತ್ತಿದ್ದರು. ಕಾಕಿ ಸೆರಗು ಎಳೆದುಕೊಂಡು, ಬೇಡ, ಮಂದಿ ನೋಡುತ್ತಾರೆ ಎಂದಳು. ಕಾಕಾನ ಸಿಟ್ಟೆಲ್ಲ ರಾಷ್ಟ್ರಕೂಟರ ಮೇಲೆ ತಿರುಗಿತು.

"ಇಷ್ಟ ದೊಡ್ಡ ರಾಜ್ಯ ಆಳ್ಯಾರ, ಬಾಗಲ ಮುಂದ ಚಂದಗೆ ಒಂದು ಪರಸಿ ಹಾಸಲಾಕ ಆಗಿಲ್ಲ ಇವರಿಗಿ."

ನಾನು ಕೋಟೆಯ ಮೇಲೆ ಹತ್ತಿ, ಮಹಾರಾಜನ ಗತ್ತಿನಲ್ಲಿ, ತಪ್ಪಾಯಿತು, ನಮ್ಮ ಕಾಲಕ್ಕೆ ಕಾಕಾ ಅವರು ಸಿಕ್ಕಿರಲಿಲ್ಲ ಎಂದು ಘೋಷಿಸಿದೆ. ಕಾಕಿ ನಕ್ಕಳು. ಆದರೆ ಜೀಪು ಸೇಡಂ ದಾಟುವವರೆಗೂ, ಕೆಳಗೆ ಬಿಟ್ಟು ಎಳೆದುಕೊಂಡ ಆ ಕಾಲನ್ನು ಕೈಯಿಂದ ಒತ್ತುತ್ತಲೇ ಇದ್ದಳು. ನನ್ನ ಕನ್ನಡಿಯಲ್ಲಿ ಅದೊಂದೇ ಕಾಣುತ್ತಿತ್ತು. ಕೆರೆಯ ದಂಡೆಯಲ್ಲೂ ಹೀಗೇ ಆದರೆ? ನೀರನ್ನು ಜೀಪಿನ ಕಿಟಕಿಯಿಂದ ತೋರಿಸಿ ವಾಪಸು ಕರೆತರುವುದೇ? ಕಾಕಾ ಕೂಡ ಅದನ್ನೇ ಯೋಚಿಸುತ್ತಿದ್ದ ಎಂದು ಕಾಣುತ್ತದೆ. ಚಿಂಚೋಳಿಯವರೆಗೆ ಒಂದು ಮನೆಯ ಕಟ್ಟೆಯಲ್ಲೂ ತಪ್ಪು ಹುಡುಕಲಿಲ್ಲ.

ಕಾಡಿನ ಗೇಟಿನಲ್ಲಿ ಕಾವಲಿನವನು ಜೀಪು ತಪಾಸಣೆ ಮಾಡಿದ. ಗೋಣಿಚೀಲ ಬಿಚ್ಚಿ ನೋಡಿ, ಮುಚ್ಚಿ, ಮತ್ತೆ ಬಿಚ್ಚಿದ.

"ಕಾಡಿನ್ಯಾಗಿಂದ ಕಲ್ಲು ಹೊರಗ ಒಯ್ಯೋರಿಗಿ ಹಿಡದೀನ್ರಿ," ಎಂದ. "ಒಳಗ ತರೋರಿಗಿ ಏನ್ ಮಾಡಬೇಕಂತ ನನಗ ಯಾರೂ ಹೇಳಿಲ್ಲ."

"ವಾಪಸ್ ಹೋಗುವಾಗ ನೋಡಿ ಬಿಡ್ರಿ," ಎಂದ ಕಾಕಾ. "ಒಂದೂ ನಿಮಗ ಬಿಟ್ಟು ಹೋಗಂಗಿಲ್ಲ."

ಟೆಂಟಿನ ಹತ್ತಿರ ಪುಣ್ಯಕ್ಕೆ ಬೇರೆ ಯಾರೂ ಇರಲಿಲ್ಲ, ಉಸ್ತುವಾರಿಯ ಹುಡುಗನೂ ನಮಗೆ ಜಾಗ ತೋರಿಸಿ ಅಡುಗೆಯ ಕಡೆ ಹೋದ. ಜೀಪಿನಿಂದ ಟೆಂಟಿನವರೆಗೆ ಕಾಕಾನ ಇಂಜಿನಿಯರಿಂಗ್ ಮೊದಲ ಸಲ ಜಾರಿಗೆ ಬಂತು. ಕಾಕಿ ಒಂದು ಪರಸಿಯ ಮೇಲೆ ಮಹಾರಾಣಿಯ ಹಾಗೆ ನಿಂತಿರುವುದು, ಅವಳ ಹಿಂದಿನಿಂದ ಕಲ್ಲೆತ್ತಿ ನಾನು ಏದುಸಿರು ಬಿಡುತ್ತ ಮುಂದಕ್ಕೆ ಓಡುವುದು, ಕಾಕಾ ಅಲ್ಲಿ ಮಂಡಿಯೂರಿ ಕಲ್ಲಿನ ಕೆಳಗಿನ ಹರಳುಗಳನ್ನು ಆರಿಸಿ ತೆಗೆದು, ಅಂಗೈಯಿಂದ ಒತ್ತಿ ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಟೆಂಟು ತಲುಪುವ ಹೊತ್ತಿಗೆ ನನ್ನ ತೋಳುಗಳು ಜಿಮ್ಮಿನ ಫೀಸು ವಾಪಸು ಕೇಳುತ್ತಿದ್ದವು.

ಸಂಜೆ ಕಾಕಿ ಟೆಂಟಿನ ಮುಂದೆ ಕುರ್ಚಿಯಲ್ಲಿ ಕುಳಿತಳು, ಕಾಲ ಕೆಳಗೆ ಪರಸಿ. ಕೆರೆ ಅಲ್ಲೇ ಇಳಿಜಾರಿನ ಕೆಳಗಿತ್ತು. ಗುಡ್ಡದ ನೆರಳು ನೀರಿಗಿಳಿಯುತ್ತಿತ್ತು. ಈಗ ಹೋಗೋಣವೇ ಎಂದು ನಾನು ಕೇಳಿದೆ. ನಾಳೆ ನೋಡೋಣ ಎಂದಳು. ಆ ನಾಳೆ ಎಂಬುದು ಸಾಲ ತೀರಿಸಬೇಕಾದವರು ಹೇಳುವ ನಾಳೆಯಂತೆ ಕೇಳಿಸಿತು.

ನಾನು ಅಲ್ಲೇ ಹುಲ್ಲಿನ ಮೇಲೆ ಬಿದ್ದುಕೊಂಡು ಯೋಚಿಸಿದೆ. ಯೋಚಿಸುವುದು ನನ್ನ ಅಭ್ಯಾಸವಲ್ಲ, ಆದರೆ ಬೆನ್ನು ನೋಯುತ್ತಿತ್ತು, ಬೇರೆ ಕೆಲಸವಿರಲಿಲ್ಲ. ನಾವು ಯಾರೂ ನೆಲವನ್ನು ಕೇಳಿ ಕಾಲಿಡುವುದಿಲ್ಲ. ಅದು ಇರುತ್ತದೆ ಎಂದುಕೊಂಡು ಇಡುತ್ತೇವೆ, ಅದೂ ಇರುತ್ತದೆ. ಒಂದೇ ಒಂದು ಸಲ ಅದು ಇಲ್ಲದೆ ಹೋದದ್ದನ್ನು ಕಂಡವರು ಆಮೇಲೆ ಪ್ರತಿ ಹೆಜ್ಜೆಗೂ ಕೇಳಬೇಕಾಗುತ್ತದೆ. ಯಾರನ್ನು ಕೇಳುವುದು? ಡಾಕ್ಟರು ಎಲುಬಿನ ಬಗ್ಗೆ ಹೇಳಬಲ್ಲರು, ಮಣ್ಣಿನ ಪರವಾಗಿ ಯಾರು ಜಾಮೀನು ನಿಲ್ಲುತ್ತಾರೆ? ಕಾಕಾ ಹೆಂಡತಿಯ ಮುಂದೆ ಎರಡು ಸಮಾಧಾನದ ಮಾತಾಡಿದ್ದನ್ನು ನಾನು ಕೇಳಿಲ್ಲ. ಮಾತು ಅವನಿಗೆ ಬರುವುದಿಲ್ಲ, ಕಲ್ಲು ಬರುತ್ತದೆ.

ಬೆಳಿಗ್ಗೆ ಕಾಕಿ ಚಹಾ ಕುಡಿದು, ಲೋಟ ಕೆಳಗಿಟ್ಟು, ನಡೆಯಿರಿ ಎಂದಳು. ಅಷ್ಟೇ. ನಾವಿಬ್ಬರೂ ಕಲ್ಲಿಗೆ ಕೈ ಹಾಕಿದೆವು.

ಇಳಿಜಾರಿನಲ್ಲಿ ಕೆಲಸ ನಿಧಾನವಾಯಿತು. ಒಂದು ಪರಸಿ ಕಾಕಿಯ ಕಾಲಡಿಯಲ್ಲಿ ಒಮ್ಮೆ ಕಟಕ್ಕೆಂದಿತು. ಅವಳು ಕಾಕಾನ ಭುಜ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಅವನು ಮಂಡಿಯೂರಿದಲ್ಲೇ ಅಲ್ಲಾಡದೆ ಇದ್ದ. ಮತ್ತೆ ಕಲ್ಲು, ಮತ್ತೆ ಹೆಜ್ಜೆ. ಬಾಯಿಗೆ ಬಂದ ತಮಾಷೆಯನ್ನೆಲ್ಲ ನಾನು ನುಂಗಿಕೊಂಡೆ, ಹೊಟ್ಟೆ ತುಂಬುವಷ್ಟಿತ್ತು.

ನೀರು ಇನ್ನು ಹತ್ತಿರವೇ ಇದೆ ಎನ್ನುವಾಗ ದಂಡೆಯ ರಾಡಿ ಶುರುವಾಯಿತು. ಕಾಕಾ ಮೊದಲ ಪರಸಿ ಇಟ್ಟ. ಅದು ಒಂದು ಮಗ್ಗುಲಿಗೆ ವಾಲಿ, ನಿಧಾನವಾಗಿ ಒಳಗಿಳಿಯಿತು. ಎತ್ತಿ ಬೇರೆ ಕಡೆ ಇಟ್ಟ. ಅಲ್ಲೂ ಇಳಿಯಿತು. ಹುಲ್ಲು ಕಿತ್ತು ಕೆಳಗೆ ಹಾಸಿ ಇಟ್ಟ. ಹುಲ್ಲಿನ ಸಮೇತ ಇಳಿಯಿತು. ಕಾಕಾ ಎದ್ದು ನಿಂತು ಕೈಗಳನ್ನು ಬನಿಯನ್ನಿಗೆ ಒರೆಸಿಕೊಂಡ. ಪರಸಿ ಕೆಲಸಕ್ಕೆ ಬಾರದ ಜಾಗವನ್ನು ಅವನು ತನ್ನ ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದ.

"ಇನ್ನ ಮುಂದ ನನ್ನ ಕೈಲಿ ಆಗಂಗಿಲ್ಲ ನೋಡು," ಎಂದ.

ಕಾಕಿ ಕೊನೆಯ ಕಲ್ಲಿನ ಅಂಚಿನಲ್ಲಿ ನಿಂತು ನೀರು ನೋಡುತ್ತಿದ್ದಳು. ಇಲ್ಲಿಂದಲೇ ವಾಪಸು ಹೋಗೋಣ ಎಂದು ಅವಳ ಮುಖವೇ ಹೇಳುತ್ತಿತ್ತು. ಕಾಕಾ ಚಪ್ಪಲಿ ಬಿಟ್ಟ. ಪಾಯಜಾಮ ಎತ್ತಿಕೊಂಡು ರಾಡಿಯಲ್ಲಿ ಕಾಲಿಟ್ಟ. ಪಾದ ಮುಳುಗಿತು. ಅವನು ಅಲ್ಲೇ ನಿಂತು, ಕೆಳಗೆ ನೋಡಿ, ಹೆಂಡತಿಯ ಕಡೆ ತಿರುಗಿದ.

"ಮೆತ್ತಗ ಅದ. ಬಿದ್ದರೂ ಬಡಿಯಂಗಿಲ್ಲ."

"ಹೌದೇನ್ರಿ," ಎಂದಳು ಕಾಕಿ. ದನಿಯಲ್ಲಿ ಹಳೆಯ ಕೊಂಕು ಇತ್ತು. "ಹಂಗಿದ್ರ ನೀವೇ ಒಮ್ಮಿ ಬಿದ್ದು ತೋರಸ್ರಿ."

ಕಾಕಾ ಯೋಚಿಸಲಿಲ್ಲ. ಮಟ್ಟವಿಲ್ಲದ ಕಡೆ ಚಹಾದ ಬಸಿ ಕೂಡ ಇಡದ ಮನುಷ್ಯ, ಎರಡೂ ಕೈ ಬಿಟ್ಟು, ಹಿಂದಕ್ಕೆ ನೋಡದೆ, ಧಪ್ಪೆಂದು ಬಿದ್ದ. ರಾಡಿ ಕಿವಿಯವರೆಗೆ ಹಾರಿತು. ನಾನು ಕೈಯಲ್ಲಿದ್ದ ಕಲ್ಲನ್ನು ನನ್ನ ಕಾಲಿನ ಮೇಲೇ ಬಿಡುತ್ತಿದ್ದೆ, ಸ್ವಲ್ಪದರಲ್ಲಿ ತಪ್ಪಿತು. ಕಾಕಾ ಎದ್ದು ಕುಳಿತು ಮುಖ ಒರೆಸಿಕೊಂಡು, ಏನೂ ಆಗಿಲ್ಲ ಎಂಬಂತೆ ಎರಡೂ ಅಂಗೈ ಮೇಲೆತ್ತಿ ತೋರಿಸಿದ.

ಕಾಕಿ ನಗಲಿಲ್ಲ. ಅವನನ್ನೇ ನೋಡಿದಳು. ಆಮೇಲೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಬ್ಬೆರಳನ್ನು ಮಣ್ಣಿಗೆ ಮುಟ್ಟಿಸಿದಳು. ಇಡೀ ಪಾದ ಊರಿದಳು. ಅದು ಮುಳುಗಿ, ನಿಂತಿತು. ಇನ್ನೊಂದನ್ನೂ ಇಟ್ಟಳು. ಕೈ ಕೊಡಲು ಓಡಿದ ನನ್ನನ್ನು ಮೊಣಕೈಯಿಂದ ಆಚೆ ಸರಿಸಿ, ಕುಳಿತಿದ್ದ ಗಂಡನನ್ನು ದಾಟಿ ನೀರಿನ ಕಡೆ ಹೊರಟಳು.

ಕಾಕಾ ರಾಡಿಯಲ್ಲೇ ಕುಳಿತಿದ್ದ. ಎಬ್ಬಿಸೋಣವೆಂದು ಬಗ್ಗಿ ರಟ್ಟೆ ಹಿಡಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

"ತಡೀ ಸ್ವಲ್ಪ," ಎಂದ. "ಆಕಿ ನಡಿಯೋದು ನೋಡಲಾಕತ್ತೀನಿ."