ವಿಡಿಯೋ ಗೇಮಿಗೂ ಒಬ್ಬ ಮೇಸ್ತ್ರಿ

ಆಟದ ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಾಗಿಲು ತೆಗೆದು ಕೂತರೆ ಸಾಕು, ಅದು ತಾನಾಗಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಎರಡು ಟಿ.ವಿ., ಎರಡು ವಿಡಿಯೋ ಗೇಮ್ ಪೆಟ್ಟಿಗೆ ಇಟ್ಟುಕೊಂಡು ನಾನು ಅಂಥ ಅಂಗಡಿ ನಡೆಸಿದೆ. ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ, ಮುಚ್ಚಿದ್ದರೆ ಬೇರೆ ದಾರಿ ಇರಲಿಲ್ಲ. ಈಗಿನವರು ಫೋನಿನಲ್ಲಿ ಮುಖ ಕಾಣದವರ ಜೊತೆ ಆಡುತ್ತಾರೆ, ಜಗಳ ಕಾಯುತ್ತಾರೆ, ಅದನ್ನು ಆನ್‌ಲೈನ್ ಬಳಗ ಅನ್ನುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅದೆಲ್ಲ ನಮ್ಮ ಹತ್ತಡಿ ಕೋಣೆಯಲ್ಲಿ ಆಗಲೇ ಇತ್ತು. ನಮ್ಮಲ್ಲಿ ಮಾತ್ರ ಬೈದವನ ಪಕ್ಕದಲ್ಲೇ ಕೂರಬೇಕಿತ್ತು.

1. ಕೈ ಅಡ್ಡ ಹಾಕಿದವರು

ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣ ಒಂದು ರಜೆಯ ದಿನ ಬಂದು ಕಾರ್ ರೇಸ್ ಆಟ ಕೇಳಿದ. ನಿಜವಾದ ಡ್ರೈವರ್ ಹೇಗೆ ಆಡುತ್ತಾನೆ ನೋಡೋಣವೆಂದು ಹುಡುಗರೆಲ್ಲ ಸುತ್ತ ನೆರೆದರು. ಕಾರು ಚೆನ್ನಾಗಿಯೇ ಹೊರಟಿತು. ಆದರೆ ರಸ್ತೆ ಬದಿಯಲ್ಲಿ ಬಾವುಟ ಬೀಸುವ ಜನ ಕಂಡಲ್ಲೆಲ್ಲ ಇವನು ನಿಲ್ಲಿಸತೊಡಗಿದ. ಮೂರನೇ ಸಲ ನಿಲ್ಲಿಸುವಾಗ ಸಮಯ ಮುಗಿದು ಆಟವೇ ನಿಂತಿತು.

"ಯಾಕಣ್ಣ ನಿಲ್ಲಿಸ್ತೀಯ?" ಎಂದೆ.

"ಅಷ್ಟ್ ಜನ ಕೈ ಅಡ್ಡ ಆಕ್ತಾವ್ರೆ, ಬುಟ್ಬುಟ್ ಓಗಾಕಾಯ್ತದಾ? ನಾಳೀಕೂ ನಾನು ಅದೇ ರೂಟ್ನಾಗೆ ಬರ್ಬೇಕಲ್ಲಾ."

2. ಮುಗಿಯದ ಯುದ್ಧ

ಕೊಲ್ಲಿ ಯುದ್ಧ ಮುಗಿದು ಎಷ್ಟೋ ಕಾಲವಾಗಿದ್ದರೂ ನಮ್ಮ ಅಂಗಡಿಯಲ್ಲಿ ಮುಗಿದಿರಲಿಲ್ಲ. ಎದುರುಗಡೆಯ ಟೈಲರ್ ಅಮೆರಿಕದ ಕಡೆ, ಪೋಸ್ಟ್‌ಮನ್ ಇರಾಕಿನ ಕಡೆ. ಮಧ್ಯಾಹ್ನ ಇಬ್ಬರೂ ಬಂದು ಟ್ಯಾಂಕಿನ ಆಟಕ್ಕೆ ಕೂರುತ್ತಿದ್ದರು. ಆ ಆಟದಲ್ಲಿ ಇಬ್ಬರೂ ಸೇರಿ ಒಂದೇ ಕೋಟೆ ಕಾಯಬೇಕು. ಇವರು ಶತ್ರುವಿನ ಕಡೆ ತಿರುಗಿಯೂ ನೋಡದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿ, ಆ ಗುಂಡಿಗೆ ತಮ್ಮದೇ ಕೋಟೆ ಉರುಳಿದರೆ ತಾನೇ ಗೆದ್ದೆನೆಂದು ಇಬ್ಬರೂ ಕುಣಿಯುತ್ತಿದ್ದರು. ಒಂದು ದಿನ ಕೂಗಾಟ ತಾಳಲಾರದೆ ವಿಶ್ವಸಂಸ್ಥೆಯ ಹಾಗೆ ಮಧ್ಯೆ ಹೋಗಿ ಸ್ವಿಚ್ ಆರಿಸಿದೆ.

"ನಿನ್ನ ಯಾವನ್ಲಾ ಕೇಳ್ದೋನು?" ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು, ನನ್ನನ್ನು ಬೈಯುತ್ತಲೇ ಟೀ ಕುಡಿಯಲು ಹೋದರು. ಜಾಗತಿಕ ಶಾಂತಿಯ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ: ಬೈಸಿಕೊಳ್ಳಲು ಮೂರನೆಯವನೊಬ್ಬ ಬೇಕು.

3. ಬಿಲ್ಲೆ

ಅಂಗಡಿಯ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟ ಮಾಲೀಕರು ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಸ್ತ್ರಿ. ಮಕ್ಕಳು ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತಾರೋ ಗೊತ್ತಾಗುವುದಿಲ್ಲ ಎಂದು ಬೀದಿಯ ತಾಯಂದಿರೆಲ್ಲ ಅವರ ಮುಂದೆ ದೂರಿದರು. ಕೋಣೆ ಖಾಲಿ ಮಾಡಲು ಮೇಸ್ತ್ರಿ ನನಗೆ ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಗಡುವಿನ ದಿನ ಅವರು ಬೀಗದ ಕೈ ಕೇಳಲು ಬಂದಾಗ ಹುಡುಗನೊಬ್ಬ ನೆಲ ಅಗೆಯುವ ಆಟ ಆಡುತ್ತಿದ್ದ. ಪರದೆಯ ಮೇಲಿನ ಪುಟ್ಟ ಮನುಷ್ಯನ ತಲೆಗೆ ಬಂಡೆ ಬಿತ್ತು. ಮೇಸ್ತ್ರಿ ಬಂದ ಕೆಲಸ ಮರೆತು ನಿಂತರು.

"ಮ್ಯಾಲೆ ಆಸರೆ ಕೊಡ್ದೆ ಅಗೀತಾವ್ನಲ್ಲ. ಯಾರ್ಲಾ ಇವ್ನಿಗೆ ಮೇಸ್ತ್ರಿ?"

"ಯಾರೂ ಇಲ್ಲ ಮೇಸ್ತ್ರಿ, ಒಬ್ಬನೇ."

"ಅದ್ಕೇ ಸಾಯ್ತಾವ್ನೆ. ಏಳ್ಲಾ, ನಾನು ತೋರುಸ್ತೀನಿ."

ಬಂಡೆಯ ಕೆಳಗೆ ಕಾಲಿಡದೆ, ಮಧ್ಯೆ ಮಧ್ಯೆ ಮಣ್ಣಿನ ಕಂಬ ಉಳಿಸಿಕೊಂಡು, ಒಂದು ಗಂಟೆ ಅಗೆದರು. ಮನುಷ್ಯ ಸಾಯಲಿಲ್ಲ. ಮೇಸ್ತ್ರಿ ಎದ್ದು ಕೋಣೆಯ ಸುತ್ತ ಕಣ್ಣಾಡಿಸಿ, "ಇಷ್ಟ್ ಜನ ಒಳಗವ್ರೆ, ಬಿಲ್ಲೆ ಎಲ್ಲಿ?" ಎಂದರು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಬಿಲ್ಲೆ ಇರುತ್ತಿತ್ತು, ಇಳಿಯುವ ಮುಂಚೆ ಅದನ್ನು ಹೊರಗಿನ ಹಲಗೆಗೆ ತೂಗುಹಾಕಬೇಕಿತ್ತು. ಒಳಗಿರುವವರು ಯಾರೆಂದು ಅದನ್ನು ನೋಡಿಯೇ ಹೇಳುತ್ತಿದ್ದರು.

ಮರುದಿನ ಅವರೇ ಬಾಗಿಲ ಪಕ್ಕ ಹಲಗೆ ಬಡಿದು, ಅದರ ಮೇಲೆ ಸಾಲಾಗಿ ಮೊಳೆ ಹೊಡೆದರು. ತಗಡಿನ ಬಿಲ್ಲೆ ಕತ್ತರಿಸಿ ಹುಡುಗರಿಗೆಲ್ಲ ಒಂದೊಂದು ನಂಬರ್ ಕೊಟ್ಟರು. ಒಳಗೆ ಬರುವವನು ಬಿಲ್ಲೆ ತೂಗುಹಾಕಬೇಕು, ಒಂದು ಗಂಟೆ ಆಡಿ ಏಳಬೇಕು. ತಾಯಂದಿರು ಬೀದಿಯಿಂದಲೇ ಹಲಗೆ ನೋಡಿ ಹೋಗತೊಡಗಿದರು. ದೂರು ನಿಂತಿತು, ಅಂಗಡಿ ಉಳಿಯಿತು, ನನ್ನ ಮಕ್ಕಳ ತಟ್ಟೆಗೆ ಅನ್ನ ಬಿತ್ತು. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ಕೈ ತಾನಾಗಿಯೇ ಮುಗಿಯುತ್ತದೆ.

ನಾಲ್ಕನೇ ದಿನ ಮೇಸ್ತ್ರಿಯ ಹೆಂಡತಿ ಬಂದು ಹಲಗೆಯ ಮುಂದೆ ನಿಂತರು. ಸೀಮೆಎಣ್ಣೆ ತರುತ್ತೇನೆಂದು ಹೊರಟ ಗಂಡ ಮೂರು ಗಂಟೆ ಕಳೆದರೂ ಮನೆಗೆ ಬಂದಿರಲಿಲ್ಲ. ಒಳಗೆ ಮೇಸ್ತ್ರಿ ಅಗೆಯುವುದನ್ನು ನಿಲ್ಲಿಸಿ, "ನಾನಿಲ್ಲ ಅನ್ಲಾ," ಎಂದು ನನಗೆ ಪಿಸುಗುಟ್ಟಿದರು. ನಾನು ಹೊರಗೆ ಹೋಗಿ, "ಮೇಸ್ತ್ರಿ ಇಲ್ಲಿಗೆ ಬಂದಿಲ್ಲಮ್ಮ," ಎಂದೆ.

ಆಕೆ ಇನ್ನೂರ ಹದಿಮೂರನೇ ನಂಬರಿನ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದರು. ಗಣಿಯಲ್ಲಿದ್ದ ತಮ್ಮ ಹಳೆಯ ನಂಬರನ್ನೇ ಮೇಸ್ತ್ರಿ ತಗಡಿನಲ್ಲಿ ಕೊರೆದುಕೊಂಡಿದ್ದರು.

"ಗಣೀಲಿ ಬಂಡೆ ಸಿಡ್ದಾಗೆಲ್ಲ ಓಡ್ಬಂದು ಈ ನಂಬರ್ ನೋಡ್ದೋಳು ನಾನು. ನಂಗೇ ಸುಳ್ಳ್ ಏಳ್ತೀಯಾ? ಮ್ಯಾಲಕ್ ಕಳ್ಸು ಅವರ್ನ."