ಜಂಟಿ ಖಾತೆಯ ಮೊದಲ ಹೆಸರು

ನಮ್ಮ ಬಸವನಗುಡಿಯವರ ನಂಬಿಕೆಯ ರೀತಿಯೇ ವಿಚಿತ್ರ. ತರಕಾರಿಯವನ ತಕ್ಕಡಿಯನ್ನು ನಂಬುವುದಿಲ್ಲ, ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಳ್ಳುವುದಿಲ್ಲ. ಎದುರಿಗೆ ಕುಳಿತವರು 'ನಮ್ಮವರು' ಎಂದಾದರೆ ಮಾತ್ರ ಜೀವಮಾನದ ಉಳಿತಾಯವನ್ನು ಕೈಗಿತ್ತು, ರಸೀದಿ ಕೇಳುವುದಕ್ಕೂ ನಾಚುತ್ತೇವೆ. ನಮ್ಮ ಬಡಾವಣೆಯ ಸಹಕಾರಿ ಬ್ಯಾಂಕು ಬೆಳೆದದ್ದು ಈ ನಾಚಿಕೆಯಿಂದಲೇ. ವರ್ಷಕ್ಕೊಮ್ಮೆ ಸದಸ್ಯರ ಸಭೆ. ನಾನೂ ನಮ್ಮ ಯಜಮಾನರೂ ತಪ್ಪದೆ ಹೋಗುತ್ತಿದ್ದೆವು. ಲೆಕ್ಕಪತ್ರ ಕೇಳುವುದಕ್ಕಲ್ಲ, ಚಿರೋಟಿಗೆ. ಸಕ್ಕರೆ ಕಾಯಿಲೆಯ ಅವರು ತಮ್ಮ ಎಲೆಯ ಚಿರೋಟಿಯನ್ನು ಸದ್ದಿಲ್ಲದೆ ನನ್ನ ಎಲೆಗೆ ದಾಟಿಸಿ, ಏನೂ ಆಗಿಲ್ಲವೆಂಬಂತೆ ಕೋಸಂಬರಿ ತಿನ್ನುತ್ತಿದ್ದರು. ಒಮ್ಮೆ ಯಾರೋ ಎದ್ದು, "ಇಷ್ಟು ದೊಡ್ಡ ಸಾಲ ಯಾರಿಗ್ರೀ ಕೊಟ್ರಿ?" ಎಂದು ಕೇಳಿದ್ದಕ್ಕೆ, "ಕೂತ್ಕೊಳ್ರೀ, ಬಾದಾಮಿ ಹಾಲು ಆರೋಗತ್ತೆ" ಎಂದು ಇಡೀ ಸಭೆಯೇ ಗದರಿತು.

ಯಜಮಾನರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದೆ. ಮ್ಯಾನೇಜರು ಕಣ್ಣೊರೆಸಿಕೊಂಡು, "ಅದೆಲ್ಲ ಈಗ್ಯಾಕಮ್ಮ? ರಾಯರ ಹೆಸರು ಇರ್ಲಿ ಬಿಡಿ" ಎಂದರು. ಹಾಗೇ ಉಳಿಯಿತು. ಗ್ಯಾಸು, ಕರೆಂಟು, ನೀರು, ಮನೆಯ ಕಂದಾಯ ಎಲ್ಲವೂ ಒಂದೊಂದಾಗಿ ನನ್ನೊಬ್ಬಳ ಹೆಸರಿಗೆ ಬಂದವು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಮಾತ್ರ ಮೇಲೆ ಅವರು, ಕೆಳಗೆ ನಾನು. ಬಡ್ಡಿ ಬರೆಸುವ ನೆಪದಲ್ಲಿ ಆಗಾಗ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಬ್ಯಾಂಕಿನ ಬಾಗಿಲಿಗೆ, ಯಾರೂ ಹಣ ತೆಗೆಯುವಂತಿಲ್ಲವೆಂಬ ನಿರ್ಬಂಧದ ನೋಟೀಸು ಬಿತ್ತು. ತಪಾಸಣೆಗೆ ಬಂದವರು ನೋಡಿದರೆ, ಸಾಲಗಾರರಲ್ಲಿ ಕೆಲವರು ಸಾಲ ಪಡೆಯುವ ಮೊದಲೇ ಸತ್ತಿದ್ದರಂತೆ. ಬೀದಿಯಲ್ಲಿ ಸೇರಿದ ಠೇವಣಿದಾರರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು. "ಸತ್ತೋರ ಹೆಸರಲ್ಲಿ ಖಾತೆ ನಡೆಸ್ತಾರಂತೆ! ಹೇಳೋರು ಕೇಳೋರು ಇಲ್ವಾ? ಕಾನೂನು ಬಿಗಿ ಮಾಡ್ರೀ!" ಎಂದು ಟೀವಿಯವರ ಮೈಕಿಗೇ ಕೂಗಿದೆ.

ಮಾಡಿದರು. ನಿರ್ದೇಶಕರು ತಮ್ಮವರಿಗೇ ಸಾಲ ಕೊಟ್ಟುಕೊಳ್ಳುವಂತಿಲ್ಲ, ಹೇಳದೆ ಕೇಳದೆ ತಪಾಸಣೆ, ಪ್ರತಿ ಖಾತೆದಾರರ ಗುರುತೂ ಹೊಸದಾಗಿ ಪಕ್ಕಾ ಆಗಬೇಕು. ಸಭೆಯಲ್ಲಿ ಈಗ ಚಿರೋಟಿ ಇಲ್ಲ, ಲೆಕ್ಕ ಇದೆ. ನಿರ್ಬಂಧ ತೆರವಾದ ಮೇಲೆ ಹೊಸದಾಗಿ ಬಂದ ಅಧಿಕಾರಿ, ನಗುಮುಖದ ಹುಡುಗಿ, ನನ್ನನ್ನು ಕರೆಸಿದಳು.

"ನಿಮ್ಮ ಹಣ ಭದ್ರವಾಗಿದೆ ಮೇಡಂ. ಸರ್ ಒಂದ್ಸಲ ಬಂದು ಗುರುತು ತೋರಿಸಿದ್ರೆ ಆಯ್ತು."

"ಅವರು ಬರಲ್ಲಮ್ಮ."

"ಓಡಾಡೋಕೆ ಕಷ್ಟಾನಾ? ನಾವೇ ಮನೆಗೆ ಬರ್ತೀವಿ, ಪರವಾಗಿಲ್ಲ."

ಹೇಳಲೇಬೇಕಾಯಿತು. ಅವಳ ಮುಖ ಸಣ್ಣದಾಯಿತು. "ಅಯ್ಯೋ, ಸಾರಿ ಮೇಡಂ. ಆದ್ರೆ ಹೆಸರು ತೆಗೀಲೇಬೇಕು. ತೀರಿಕೊಂಡೋರ ಹೆಸರಲ್ಲಿ ಖಾತೆ ಇಟ್ಕೊಳ್ಳೋ ಹಾಗಿಲ್ಲ."

"ನಿಯಮ ಸರಿಯಾಗೇ ಇದೆಯಮ್ಮ. ಇದೊಂದನ್ನ ಹಾಗೇ ಬಿಟ್ಬಿಡಿ."

"ಹಿಂದಿನವರು ಹೀಗೆ ಒಬ್ಬೊಬ್ಬರಿಗೆ ಬಿಟ್ಟೂ ಬಿಟ್ಟೇ ಅಲ್ವಾ ಮೇಡಂ ಇಷ್ಟೆಲ್ಲ ಆಗಿದ್ದು?"

ಅವಳ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಪ್ರಮಾಣಪತ್ರ ಸೋಮವಾರ ತರುತ್ತೇನೆಂದು ಹೇಳಿ ಎದ್ದು ಬಂದೆ. ಅದು ಬೀರುವಿನಲ್ಲೇ ಇದೆ. ಸೋಮವಾರಗಳು ಬರುತ್ತವೆ, ಹೋಗುತ್ತವೆ. ಇನ್ನೂ ಸ್ವಲ್ಪ ದಿನ ಅವರು ನನ್ನ ಮೇಲಿನ ಸಾಲಿನಲ್ಲಿ ಇರಲಿ ಎಂದು ಆಸೆ, ಅಷ್ಟೇ.

ಈಗ ಗಾಂಧಿ ಬಜಾರಿಗೆ ಹೋಗುವಾಗ ಬ್ಯಾಂಕಿನ ರಸ್ತೆ ಬಿಟ್ಟು ಹಿಂದಿನ ಅಡ್ಡರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಆ ಹುಡುಗಿ ಎದುರಾದರೆ ಹೂವಿನ ಅಂಗಡಿಯೊಳಗೆ ಸೇರಿಕೊಳ್ಳುತ್ತೇನೆ. ಠೇವಣಿದಾರರ ಕಣ್ಣು ತಪ್ಪಿಸಿ ಓಡಾಡಿದ ನಿರ್ದೇಶಕರನ್ನು ನಮ್ಮ ಬಡಾವಣೆ ಕಂಡಿದೆ. ನಿಮ್ಮ ಹಣ ಭದ್ರವಾಗಿದೆ ಬನ್ನಿ ಎಂದು ಬ್ಯಾಂಕೇ ಕರೆಯುತ್ತಿರುವಾಗ ತಲೆಮರೆಸಿಕೊಂಡ ಠೇವಣಿದಾರಳು ಬಹುಶಃ ನಾನೊಬ್ಬಳೇ.